ಬೆಲ್ಲ ಹತ್ತಿದ ಬೆರಳು

ನನ್ನ ತಂಗಿ ಸುಧಾಳ ಬೆರಳು ಮೊನ್ನೆ ಸುಳ್ಳು ಹೇಳಿತು. ಅದೂ ಅವ್ವನ ಎದುರಿಗೇ!

ಸುಧಾಳಿಗೆ ಹೈಸ್ಕೂಲಿನಿಂದಲೂ ಶುಗರ್. ಈಗ ತುಂಬು ಬಸುರಿ. ಊಟಕ್ಕೆ ಮುಂಚೆ, ಊಟದ ಮೇಲೆ ಬೆರಳು ಚುಚ್ಚಿ ಮೀಟರಿನಲ್ಲಿ ನೋಡಬೇಕು. ನಂಬರಿಗೆ ತಕ್ಕ ಹಾಗೆ ಇನ್ಸುಲಿನ್. (ಅವಳು ಚುಚ್ಚಿಕೊಳ್ಳುವಾಗ ನಾನು ಕಿಟಕಿ ಕಡೆ ನೋಡುತ್ತೇನೆ. ಸೂಜಿ ಕಂಡರೆ ನನಗಾಗದು.)

ಇಷ್ಟು ಎಚ್ಚರ ಯಾಕೆ ಅಂದಿರಾ? ಅವಳ ಮೊದಲ ಮಗು ಹುಟ್ಟಿತು, ಅಳಲಿಲ್ಲ. ಅದಕ್ಕೆಂದು ನಾನು ಹೊಲಿದ ಕುಲಾವಿ ಇನ್ನೂ ಬೀರುವಿನಲ್ಲಿದೆ.

ಪಾಂಡವಪುರದ ಸುತ್ತ ಬಸುರಿಯ ಬಯಕೆ ಎಂದರೆ ಆಲೆಮನೆಯ ಬಿಸಿ ಬೆಲ್ಲ. ಬಯಕೆ ತೀರಿಸದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದಂತೆ. ಬೆಲ್ಲ ಕೊಟ್ಟರೂ ಅವ್ವನಿಗೆ ಭಯ, ಕೊಡದಿದ್ದರೂ ಭಯ.

ಮೊನ್ನೆ ಮಧ್ಯಾಹ್ನ ಸುಧಾ, "ವಾಸ್ನೆನಾದ್ರೂ ಕುಡ್ಕೊಂಡ್ ಬತ್ತೀನಿ" ಅಂತ ಪಕ್ಕದ ಆಲೆಮನೆಗೆ ಹೋದಳು. ಬಂದಾಗ ಅವ್ವ ತಟ್ಟೆ ಹಾಕಿಯಾಗಿತ್ತು. ಅವಸರದಲ್ಲಿ ಬೆರಳು ಚುಚ್ಚಿದಳು.

ಮುನ್ನೂರ ಹತ್ತು!

"ತಿಂದ್ಬುಟ್ಯಲ್ಲೇ! ಒಂದ್ ಕೂಸ್ನ ಮಣ್ಗಾಕಿದ್ದು ಸಾಲ್ದಾ?"

ಅಂದವಳೇ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆದರೆ ಮಾತು ಆಡಿಯಾಗಿತ್ತು.

ಸುಧಾ ಬಚ್ಚಲಿಗೆ ಹೋಗಿ ಸೋಪು ಹಾಕಿ ಕೈ ತೊಳೆದು, ಒರೆಸಿಕೊಂಡು, ಇನ್ನೊಂದು ಬೆರಳು ಚುಚ್ಚಿದಳು. ತೊಂಬತ್ತೆರಡು.

"ಬಿಸೀದು ಒಂದುಂಡೆ ಎತ್ಕೊಂಡು ಮೂಸ್ದೆ ಕಣವ್ವ. ಆರೋಗಂಟ ಕೈಲಿಡ್ಕೊಂಡಿದ್ದು, ಅಲ್ಲೇ ಮಡಗ್ಬುಟ್ಟು ಬಂದೆ. ಕೈ ತೊಳೆಯೋದ್ ಮರ್ತೆ."

ಕೈಗಂಟಿದ ಬೆಲ್ಲ ರಕ್ತದ ಹನಿಗೆ ಬೆರೆತು ಮೀಟರು ಏಮಾರಿತ್ತು. ಆ ನಂಬರ್ ನಂಬಿ ಇನ್ಸುಲಿನ್ ಏರಿಸಿದ್ದರೆ? ಶುಗರ್ ಪಾತಾಳಕ್ಕಿಳಿದು ತಾಯಿ, ಕೂಸು ಇಬ್ಬರ ಜೀವಕ್ಕೂ ಕುತ್ತಾಗುತ್ತಿತ್ತು.

ನಮ್ಮಲ್ಲಿ ಇದೊಂದು ಚಾಳಿ. ಬಸುರಿಯ ಶುಗರ್ ಏರಿದರೆ ಸಾಕು, ಕದ್ದು ತಿಂದಳು ಅಂತ ತೀರ್ಪು. ನಿದ್ದೆಗೆಟ್ಟರೂ ಏರುತ್ತದೆ, ಜ್ವರ ಬಂದರೂ ಏರುತ್ತದೆ, ತಿಂಗಳು ತುಂಬುತ್ತಾ ಬಂದ ಹಾಗೆ ತಾನಾಗಿಯೂ ಏರುತ್ತದೆ. ಕೇಳುವ ತಾಳ್ಮೆ ಯಾರಿಗಿದೆ? ಬೆಲ್ಲವನ್ನು ಅಂಗೈಯಲ್ಲಿ ಹಿಡಿದೂ ಬಾಯಿಗೆ ಹಾಕದೆ ಬರುವುದು ನನ್ನಿಂದಂತೂ ಆಗದು.

ಅವ್ವ ಅವಳ ಪಕ್ಕ ಕುಳಿತು ತಲೆ ನೇವರಿಸಿದಳು. "ಬೆಲ್ಲ ಬ್ಯಾಡ, ಬುಡು. ಬ್ಯಾರೆ ಏನಾರಾ ಬಯ್ಕೆ ಇದ್ರೆ ಯೋಳವ್ವ, ಮಾಡಾಕ್ತೀನಿ."

ಸುಧಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು.

"ಕೂಸು ಅಳೋದ್ ಕೇಳ್ಬೇಕು ಕಣವ್ವ. ಅಷ್ಟೇಯ."

ಈ ಬಯಕೆಯನ್ನು ಯಾವ ತಟ್ಟೆಗೆ ಬಡಿಸೋಣ, ನೀವೇ ಹೇಳಿ?