ನಾನು ಒಡೆಯದ ಜೀಪು

ಮಕ್ಕಳೇ, ಗಾಳಿ, ದೆವ್ವ, ಸೂಚನೆ ಎಂಬುದನ್ನೆಲ್ಲ ನಾನು ನಂಬಿದವಳಲ್ಲ. ಕೆಂಭಾವಿ ಹತ್ತಿರದ ನಮ್ಮ ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದೆ. ಓಣಿಯ ಹೆಂಗಸರು ಹುಣಸೆ ಮರದ ಕೆಳಗೆ ಯಾರನ್ನೋ ಕಂಡೆವು ಎಂದು ಹೇಳುವಾಗ ಒಳಗೊಳಗೇ ನಗುತ್ತಿದ್ದೆ. ಎದುರಿಗೆ ನಗುವಷ್ಟು ಧೈರ್ಯ ನನಗೆ ಎಂದೂ ಇರಲಿಲ್ಲ. ನಾಲ್ಕು ಜನರ ಮುಂದೆ ಬಾಯಿ ಬಿಡಲು ನಾಚುವವಳು ನಾನು, ಅದು ನಿಮಗೂ ಗೊತ್ತು. ಅದಕ್ಕೇ ಇದನ್ನು ಹೇಳದೆ ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ ಒಂದು ಕಥೆ ನಡೆದುಬಂದಿದೆ. ಅಜ್ಜನ ಜೀಪಿನ ಎಂಜಿನ್ನನ್ನು ಅಜ್ಜಿ ಸಿಟ್ಟಿನಲ್ಲಿ ಸುತ್ತಿಗೆಯಿಂದ ಒಡೆದಳು, ಹಾಗಾಗಿ ಅಪ್ಪನಿಗೆ ಹಿಮ ನೋಡಲು ಹೋಗಲಾಗಲಿಲ್ಲ ಎಂಬ ಕಥೆ. ನೀವಿಬ್ಬರೂ ಅದನ್ನು ನಗುತ್ತ ಹೇಳುವುದನ್ನು ಅಡುಗೆಮನೆಯಲ್ಲಿ ಕುಳಿತು ಕೇಳಿದ್ದೇನೆ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಉಳಿದವರ ಮೇಲೆ ಇದೆ. ಎಂಟು ವರ್ಷವಾದರೂ ಹಾಗೇ ಇದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ನಿಮ್ಮ ಅಜ್ಜ ಶಹಾಪುರದಲ್ಲಿ ಗ್ಯಾರೇಜು ಇಟ್ಟಿದ್ದರು. ಗುಜರಿಗೆ ಹೋಗಬೇಕಿದ್ದ ಒಂದು ಹಳೆಯ ಜೀಪನ್ನು ತಂದು, ಬಿಡುವಾದಾಗೆಲ್ಲ ಒಂದೊಂದೇ ಭಾಗ ಕೂಡಿಸಿ, ನಾಲ್ಕು ವರ್ಷಕ್ಕೆ ಅದನ್ನು ರಸ್ತೆಗೆ ಇಳಿಸಿದರು. ನಾಲ್ಕೂ ಗಾಲಿಗಳು ಎಳೆಯುವ ಗಾಡಿ ಅದು. ನಮ್ಮ ಕಡೆಯ ಬಿಸಿಲಿಗೆ ಹಳೆಯ ಎಂಜಿನ್ನುಗಳು ದನ ಕುಡಿದ ಹಾಗೆ ನೀರು ಕುಡಿಯುತ್ತವೆ. ಅದಕ್ಕೆ ದಿನವೂ ನೀರು ನೋಡಿ ಹಾಕುವ ಕೆಲಸ ನನ್ನದಾಗಿತ್ತು. ಬಾನೆಟ್ಟು ಎತ್ತಿ, ಬಟ್ಟೆ ಹಿಡಿದು ನೀರಿನ ಟ್ಯಾಂಕಿನ ಮುಚ್ಚಳ ತಿರುವಿ, ತಂಬಿಗೆಯಿಂದ ಬಾವಿಯ ನೀರು ಹಾಕುತ್ತಿದ್ದೆ. ಅವರು ತೀರಿಕೊಂಡ ಮೇಲೂ ಆ ಕೆಲಸ ಬಿಡಲಿಲ್ಲ. ನಿಮ್ಮ ಅಪ್ಪ ಮಲ್ಲು ಗ್ಯಾರೇಜು ನೋಡಿಕೊಂಡ, ನಾನು ಜೀಪಿನ ನೀರು ನೋಡಿಕೊಂಡೆ.

ಮಲ್ಲುವಿಗೆ ಇಂಥ ಗಾಡಿಗಳ ಹುಚ್ಚಿನ ಗೆಳೆಯರ ಒಂದು ಗುಂಪಿತ್ತು. ಮಳೆಗಾಲದಲ್ಲಿ ಕಪ್ಪು ಎರಿಮಣ್ಣಿನ ಹೊಲಗಳು ಕೆಸರಾದಾಗ ಬೇಕೆಂದೇ ಗಾಡಿ ಇಳಿಸುವುದು, ಬೇಸಿಗೆಯಲ್ಲಿ ಕೃಷ್ಣೆಯ ಉಸುಕಿನಲ್ಲಿ ಓಡಿಸುವುದು, ಸುರಪುರದ ಗುಡ್ಡದ ಬಂಡೆಗಳ ಮೇಲೆ ಹತ್ತಿಸಿ ಕೂಗುವುದು, ಇದೇ ಅವರ ಹಬ್ಬ. ಅವರಿಗೆಲ್ಲ ಮುಂದಾಳು ಸುರಪುರದ ದೇವು. ಕ್ರಿಮಿನಾಶಕದ ಅಂಗಡಿ ಇಟ್ಟವನು, ಮಾತಿಗೆ ನಿಂತರೆ ಯಾರಿಗೂ ಜಾಗ ಬಿಡದವನು. ಆ ವರ್ಷ ದೀಪಾವಳಿಗೆ ಅವನೇ ಒಂದು ಮಾತು ತೆಗೆದ. ಉತ್ತರದ ಹಿಮದ ಬೆಟ್ಟಗಳಿಗೆ ಗಾಡಿ ತೆಗೆದುಕೊಂಡು ಹೋಗೋಣ, ಹಿಮದ ಮೇಲೇ ಡೇರೆ ಹಾಕಿ ಮಲಗೋಣ ಎಂದ.

ಅಲ್ಲಿಂದ ಶಿವರಾತ್ರಿಯವರೆಗೆ ಪ್ರತಿ ಆದಿತ್ಯವಾರ ನಮ್ಮ ಅಂಗಳದಲ್ಲೇ ಸಭೆ. ಮೂರು ಗಾಡಿ, ಅದರಲ್ಲಿ ನಮ್ಮದೊಂದೇ ಹಳೆಯದು, ಆರು ಜನ. ದೇವು ಸೀಮೆಸುಣ್ಣದಿಂದ ನೆಲದ ಮೇಲೆ ದಾರಿ ಬರೆಯುವನು. ಯಾವ ದಿನ ಎಲ್ಲಿಯವರೆಗೆ, ಯಾರ ಹಿಂದೆ ಯಾರು, ಗಾಲಿಗೆ ಸುತ್ತುವ ಸರಪಳಿ ಯಾರು ತರಬೇಕು, ಡೇರೆ ಎಷ್ಟು, ಒಲೆ ಎಷ್ಟು ಎಂದು ಗಂಟೆಗಟ್ಟಲೆ ವಾದ.

"ಅಲ್ಲಲೇ, ಬರ್ಫದಾಗ ಮುಂಜಾನಿ ಎದ್ದು ತಂಬಿಗಿ ಹಿಡಕೊಂಡು ಎಲ್ಲಿ ಹೋಗೂದು?" ಎಂದು ಒಬ್ಬ ಕೇಳಿದರೆ, "ನೀ ಕುಂತಲ್ಲೇ ಗಟ್ಟಿಯಾಗಿ ಹೋಗ್ತಿ, ಬ್ಯಾಸಗ್ಯಾಗ ಬಂದು ಎಬ್ಬಸ್ತೀವಿ" ಎಂದು ದೇವು ಅನ್ನುವನು. ಎಲ್ಲರೂ ಬಿದ್ದು ಬಿದ್ದು ನಗುವರು. ಮಲ್ಲು ಒಮ್ಮೆ, ಹಿಮದಲ್ಲಿ ಗಾಡಿ ಜಾರಿದರೆ ಏನು ಮಾಡುವುದು ಎಂದು ಕೇಳಿದ. "ಎರಿಮಣ್ಣಾಗ ಹಾಯ್ದವ ಬರ್ಫದಾಗ ಹಾಯಲಾರೇನು? ನಿಮ್ಮಪ್ಪನ ಗಾಡಿ ಅದು, ಅಂಜಬ್ಯಾಡ" ಎಂದ ದೇವು. ನಾನು ಚಹಾ ಕೊಟ್ಟು ಲೋಟ ತೊಳೆಯುತ್ತಿದ್ದೆ. ಅಷ್ಟು ತಿಂಗಳಲ್ಲಿ ಯಾರೂ ನನ್ನನ್ನು ಒಂದು ಮಾತು ಕೇಳಲಿಲ್ಲ. ಕೇಳಿದ್ದು ಒಂದೇ, ರೊಟ್ಟಿ.

ತೆಳ್ಳಗೆ ಬಡಿದು ಒಣಗಿಸಿದ ಸಜ್ಜೆ ರೊಟ್ಟಿ ತಿಂಗಳಾದರೂ ಕೆಡುವುದಿಲ್ಲ. ಆರು ಗಂಡಸರಿಗೆ ಇಪ್ಪತ್ತು ದಿನಕ್ಕೆ ಸಾಲುವಷ್ಟು ರೊಟ್ಟಿ ಬಡಿದೆ. ನಿಮ್ಮ ಅಮ್ಮ ಸುನಂದಾ ಬೇಯಿಸಿದಳು, ನಾನು ಬಡಿದೆ. ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ, ಅಗಸಿ ಹಿಂಡಿ ಕುಟ್ಟಿದೆ. ನನ್ನ ರಟ್ಟೆ ಎತ್ತಲು ಬಾರದಂತಾಗಿತ್ತು. ಆದರೂ ಸಂತೋಷದಿಂದಲೇ ಮಾಡಿದೆ, ಸುಳ್ಳು ಹೇಳುವುದಿಲ್ಲ. ನಿಮ್ಮ ಅಜ್ಜ ಕೂಡಿಸಿದ ಗಾಡಿ ಅಷ್ಟು ದೂರ ಹೋಗುತ್ತದೆಂದು ನನಗೂ ಹೆಮ್ಮೆ ಇತ್ತು.

ಹೊರಡುವ ಹಿಂದಿನ ದಿನ ಬೆಳಿಗ್ಗೆ ಎಲ್ಲರೂ ಅಂಗಳದಲ್ಲಿದ್ದರು. ರೊಟ್ಟಿಯ ಗಂಟುಗಳನ್ನು ನಾನೇ ಹೊತ್ತು ತಂದು ಜೀಪಿನಲ್ಲಿ ಇಡುತ್ತಿದ್ದೆ. ದೇವು ಮಲ್ಲುವಿಗೆ ಮೆಲ್ಲಗೆ, ಆದರೆ ನನಗೆ ಕೇಳಿಸುವ ಹಾಗೆ, "ನಾಳಿ ಗಾಡಿ ಪೂಜಿಗಿ ಮುತ್ತೈದ್ಯಾರು ಬರ್ತಾರ. ಅವ್ವಗ ಹೇಳಿಯಿಲ್ಲೋ?" ಎಂದ.

ಮಲ್ಲು ನನ್ನ ಕಡೆ ನೋಡಲಿಲ್ಲ. "ಅವ್ವ, ನಾಳಿ ಗಾಡಿ ಹೊಂಡೂತನ ನೀ ಒಳಗೇ ಇರು. ದೂರದ ದಾರಿ ಅದ, ತಪ್ಪು ತಿಳೀಬ್ಯಾಡ."

ಗಂಡ ಸತ್ತವಳು ಹೊರಡುವವರ ಎದುರು ಬರಬಾರದೆಂಬುದು ನನಗೆ ತಿಳಿಯದ ಸಂಗತಿಯೇ? ನಾನಾಗಿಯೇ ಒಳಗಿರುತ್ತಿದ್ದೆ. ಎಷ್ಟು ಮದುವೆಗಳಲ್ಲಿ ಕಂಬದ ಹಿಂದೆ ನಿಂತಿದ್ದೇನೆ. ಆದರೆ ಆ ಗಾಡಿಯ ಮುಂದೆ, ನನ್ನ ಮಗನ ಬಾಯಿಂದ, ಆರು ಜನರ ನಡುವೆ ಆ ಮಾತು ಕೇಳಿ ನನ್ನ ಮೈಯೆಲ್ಲ ಉರಿಯಿತು. ಹುಟ್ಟಿದಾಗಿನಿಂದ ನಾಲ್ಕು ಜನರ ಎದುರು ದನಿ ಎತ್ತದವಳು ಅಂದು ಎತ್ತಿದೆ.

"ರೊಟ್ಟಿಗಿ ನನ್ನ ಕೈ ಆಗ್ತದ, ಗಾಡಿಗಿ ನನ್ನ ಮಾರಿ ಆಗೂದಿಲ್ಲೇನು? ಹಂಗಾದ್ರ ಈ ಗಾಡಿ ಹೋಗೂದಿಲ್ಲ, ನೋಡ್ರಿ."

ದೇವು ನಕ್ಕ. "ಅಮ್ಮಾರ ಬಾಯಾಗೂ ಮಾತು ಅದಾವಲ್ಲಪಾ" ಎಂದ.

ಆಮೇಲೆ ಅವರು ಉಳಿದೆರಡು ಗಾಡಿಗಳಲ್ಲಿ ಯಾದಗಿರಿಗೆ ಹೋದರು. ಡೇರೆಗಳೂ ದಪ್ಪ ಅಂಗಿಗಳೂ ರೈಲಿನಲ್ಲಿ ಬಂದಿದ್ದವು, ಅವನ್ನು ತರಬೇಕಿತ್ತು. ಸುನಂದಾ ತನ್ನ ತಾಯಿಯನ್ನು ಪೂಜೆಗೆ ಕರೆತರಲು ಆಗಿನ್ನೂ ಪುಟ್ಟವರಾಗಿದ್ದ ನಿಮ್ಮಿಬ್ಬರನ್ನೂ ಕರೆದುಕೊಂಡು ಸುರಪುರಕ್ಕೆ ಹೋದಳು. ಮನೆಯಲ್ಲಿ ನಾನೊಬ್ಬಳೇ ಉಳಿದೆ.

ಉಣ್ಣಲು ಮನಸ್ಸಾಗಲಿಲ್ಲ. ಮಧ್ಯಾಹ್ನದವರೆಗೆ ಬಾಗಿಲಲ್ಲಿ ಕುಳಿತು ಆ ಜೀಪನ್ನು ನೋಡಿದೆ. ಶಿವರಾತ್ರಿ ಕಳೆದಿತ್ತು, ನಮ್ಮ ಕಡೆ ಆಗಲೇ ಬೇಸಿಗೆ. ಅಂಗಳದ ಕಲ್ಲಿನ ಮೇಲೆ ಬರಿಗಾಲು ಇಡಲಾಗುತ್ತಿರಲಿಲ್ಲ. ಬೆಳಿಗ್ಗೆಯ ಗದ್ದಲದಲ್ಲಿ ನೀರು ಹಾಕಿರಲಿಲ್ಲ ಎಂಬುದು ನೆನಪಾಯಿತು. ಹಾಕಬಾರದು, ಅವರೇ ಹಾಕಿಕೊಳ್ಳಲಿ ಎಂದುಕೊಂಡೆ. ಹಾಗೆ ಅಂದುಕೊಳ್ಳುತ್ತಲೇ ಎದ್ದು ತಂಬಿಗೆ ತುಂಬಿದೆ.

ಬಾನೆಟ್ಟಿನ ತಗಡು ಕೈ ಸುಡುತ್ತಿತ್ತು. ಸೆರಗು ಹಿಡಿದೇ ಎತ್ತಿದೆ. ಮುಚ್ಚಳಕ್ಕೆ ಕೈ ಹಾಕಿದೆ, ತಿರುಗಲಿಲ್ಲ. ದಿನವೂ ತಿರುವುವ ಮುಚ್ಚಳ ಅದು. ಎರಡೂ ಕೈಯಿಂದ ಬಲವಾಗಿ ತಿರುವಿದಾಗ ಕಿರಕ್ ಎಂದು ಬಿಟ್ಟುಕೊಂಡಿತು. ಒಳಗೆ ನೀರು ಕಾಣಲಿಲ್ಲ. ಬಾಯಿಯವರೆಗೂ ಬೆಳ್ಳಗೆ ಏನೋ ತುಂಬಿತ್ತು. ಯಾರೋ ಸುಣ್ಣ ಸುರಿದಿದ್ದಾರೆ ಎಂದುಕೊಂಡು ಬೆರಳಿಟ್ಟೆ. ಬೆರಳು ಅಂಟಿಕೊಂಡಿತು.

ಅದು ಬರ್ಫ, ಗಟ್ಟಿ ಮಂಜುಗಡ್ಡೆ. ಎಳೆದಾಗ ಬೆರಳಿನ ತುದಿಯ ಚರ್ಮ ಸುಲಿಯಿತು. ತಂಬಿಗೆಯನ್ನು ನೆಲಕ್ಕಿಟ್ಟು ನಿಂತೆ. ಆಗ ಎಂಜಿನ್ನಿನ ಒಳಗಿನಿಂದ ಟಪ್ ಎಂದು ಶಬ್ದವಾಯಿತು, ಒಲೆಯ ಮೇಲೆ ಮಡಕೆ ಸೀಳಿದಂಥ ಶಬ್ದ. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ. ಬಾಯಿಯ ಅಂಚಿನಿಂದ ಒಂದು ತುಣುಕು ಎದ್ದಿತ್ತು. ಅದನ್ನು ತೆಗೆದು ಅಂಗೈಯಲ್ಲಿ ಇಟ್ಟುಕೊಂಡೆ. ಕರಗಿ ಮೊಣಕೈವರೆಗೆ ಹರಿಯಿತು. ಅಷ್ಟು ತಣ್ಣಗಿನದನ್ನು ನಾನು ಮುಟ್ಟಿದ್ದು ಅದಕ್ಕೆ ಮುಂಚೆ ಒಂದೇ ಸಲ. ನಿಮ್ಮ ಅಜ್ಜನನ್ನು, ನಿಮ್ಮ ಸೋದರತ್ತೆ ಊರಿಂದ ಬರುವವರೆಗೆ, ಬರ್ಫದ ಗಡ್ಡೆಗಳ ನಡುವೆ ಮಲಗಿಸಿದ್ದಾಗ.

ನಾನು ಹೆದರಿದೆನೇ ಎಂದು ನೀವು ಕೇಳಬಹುದು. ಇಲ್ಲ, ಹೆದರಲಿಲ್ಲ. ಸಿಟ್ಟೇ ಬಂತು. ಯಾರ ಮೇಲೆ ಎಂದು ಆಗಲೂ ತಿಳಿಯಲಿಲ್ಲ. ಪಕ್ಕದ ಮನೆಯವರನ್ನು ಕರೆಯಬೇಕಿತ್ತು. ಕರೆಯಲಿಲ್ಲ, ನನ್ನ ನಾಚಿಕೆಯೇ ನನ್ನನ್ನು ಕೆಡಿಸಿತು. ಬೆಳಿಗ್ಗೆ ಅಷ್ಟು ಮಾತಾಡಿ, ಈಗ ಜೀಪಿನಲ್ಲಿ ಬರ್ಫ ಇದೆ ಬನ್ನಿ ಎಂದು ಓಣಿಯಲ್ಲಿ ಕೂಗುವುದು ಹೇಗೆ? ನೋಡುತ್ತ ನಿಂತೆ. ಬಿಸಿಲಿಗೆ ಅದು ಕುಗ್ಗಿತು, ನೀರಾಯಿತು. ಎಂಜಿನ್ನಿನ ಕೆಳಗೆ ನೀರು ಹರಿದು ಕಲ್ಲಿನ ಮೇಲೇ ಆರಿಹೋಯಿತು.

ಸಂಜೆ ಅವರು ಬಂದರು. ಮಲ್ಲು ಸಾಮಾನು ಇಡಲು ಹೋದವನು ಕೆಳಗೆ ನೀರು ಹರಿದ ಕಲೆ ಕಂಡು ಬಗ್ಗಿ ನೋಡಿದ. ಎಂಜಿನ್ನಿನ ಪಕ್ಕದಲ್ಲಿ ಗೇಣುದ್ದ ಸೀಳು ಬಿಟ್ಟಿತ್ತು. ಅವನು ಎದ್ದು ನಿಂತು ನನ್ನನ್ನು ನೋಡಿದ.

"ಅವ್ವ, ಯಾರು ಮುಟ್ಟಿದ್ರು ಗಾಡಿ?"

"ನಾನೇ. ನೀರು ಹಾಕಾಕ ಹೋಗಿದ್ದೆ. ಒಳಗ ಬರ್ಫ ಆಗಿತ್ತು."

ದೇವು ಜೀಪಿನ ಪಕ್ಕದ ಪೆಟ್ಟಿಗೆಯಿಂದ ಸುತ್ತಿಗೆ ಎತ್ತಿ ತಿರುವಿ ನೋಡಿ, ಮತ್ತೆ ಅಲ್ಲೇ ಇಟ್ಟ. "ಅಮ್ಮಾರ, ನಾವು ಇನ್ನಾ ಹೊಂಟೇ ಇಲ್ಲ, ನಿಮಗ ಬರ್ಫ ಬಂದುಬಿಡ್ತೇನು?" ಎಂದ. ಒಬ್ಬ ನಕ್ಕ. ಮಲ್ಲು ನಗಲಿಲ್ಲ. "ಅಪ್ಪನ ಗಾಡಿ ಅವ್ವ ಅದು" ಎಂದಷ್ಟೇ ಅಂದು ಒಳಗೆ ಹೋದ. ಆ ಒಂದು ಮಾತಿನಲ್ಲಿ ಅವನು ನನ್ನನ್ನು ಎಲ್ಲಿಟ್ಟ ಎಂಬುದು ನನಗೆ ತಿಳಿಯಿತು. ನನ್ನ ಬೆರಳಿನ ಗಾಯ ತೋರಿಸಿದೆ. ಯಾರೂ ನೋಡಲಿಲ್ಲ.

ಅಪ್ಪನ ಗಾಡಿ ಬಿಟ್ಟು ಬರುವುದಿಲ್ಲ ಎಂದು ಮಲ್ಲು ಮನೆಯಲ್ಲೇ ಉಳಿದ. ಉಳಿದ ಐವರು ಎರಡು ಗಾಡಿಗಳಲ್ಲಿ ಮರುದಿನ ಬೆಳಿಗ್ಗೆ ಹೋದರು, ನಾನು ಬಡಿದ ರೊಟ್ಟಿಯನ್ನೂ ಕಟ್ಟಿಕೊಂಡು. ನಾನು ಒಳಗೇ ಇದ್ದೆ. ಅವರಿಗೆ ಏನೂ ಆಗಲಿಲ್ಲ. ಮುಖದ ಚರ್ಮ ಸುಲಿಸಿಕೊಂಡು, ಫೋನ್ ತುಂಬ ಫೋಟೊ ತುಂಬಿಸಿಕೊಂಡು ತಿರುಗಿ ಬಂದರು. ಮಲ್ಲು ಎರಡು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ನಾನು ಬಡಿಸಿದ್ದನ್ನು ಉಣ್ಣುತ್ತಿದ್ದ, ಅಷ್ಟೇ.

ಬೇಸಿಗೆಯ ಕೊನೆಗೆ ಖಾಜಾಸಾಬರು ಬಂದರು. ನಿಮ್ಮ ಅಜ್ಜನಿಗೆ ಕೆಲಸ ಕಲಿಸಿದ ಹಿರಿಯರು, ಹರೆಯದಲ್ಲಿ ಸೈನ್ಯದ ಗಾಡಿಗಳನ್ನು ರಿಪೇರಿ ಮಾಡುತ್ತ ಹಿಮದ ಸೀಮೆಯಲ್ಲಿ ಇದ್ದವರು. ಆ ಎಂಜಿನ್ನನ್ನು ಬೆಸುಗೆ ಹಾಕಿ ಉಳಿಸಬಹುದೇ ಎಂದು ಮಲ್ಲು ಕರೆಸಿದ್ದ. ಅವರು ಕುಕ್ಕರಗಾಲಲ್ಲಿ ಕುಳಿತು ಬಹಳ ಹೊತ್ತು ನೋಡಿದರು. ಸೀಳಿನ ಮೇಲೆ ಬೆರಳಾಡಿಸಿದರು.

"ಬೇಟಾ, ಇದನ್ನ ಎಲ್ಲಿಗಿ ಒಯ್ದಿದ್ದಿ?"

"ಎಲ್ಲಿಗೂ ಒಯ್ದಿಲ್ಲ ಚಾಚಾ. ಇಲ್ಲೇ ನಿಂತದ."

"ಸುಳ್ಳ ಹೇಳಬ್ಯಾಡ. ಇದು ನೀರು ಬರ್ಫ ಆಗಿ ಒಡದದ್ದು. ಸುತ್ತಿಗಿಲೇ ಹೊಡದ್ರ ಒಳಗ ಹೋಗ್ತದ. ಇದು ಒಳಗಿಂದ ಹೊರಗ ಉಬ್ಬೇದ. ನೋಡಿಲ್ಲಿ, ನೀರಿನ ತೂತಿಗಿ ಬಡದಿದ್ದ ಬಿರಡಿ ಎಲ್ಲಾ ಹೊರಗ ಬಂದಾವ. ಇಂಥಾವು ನೂರು ನೋಡೀನಿ ನಾನು. ಹೊಸಾ ಗಾಡಿಗಿ ಬರ್ಫ ಆಗದಂಥ ಔಷಧ ಮೊದಲೇ ಹಾಕಿರ್ತಾರ. ಬರೀ ಬಾವಿ ನೀರು ಹಾಕಿ ಬರ್ಫದಾಗ ನಿಲ್ಲಿಸಿದ್ರ ಒಂದೇ ರಾತ್ರಿಗಿ ಹಿಂಗ ಆಗ್ತದ."

ನಾಲ್ಕು ತಿಂಗಳು ನೆಲದ ಮೇಲೆ ದಾರಿ ಬರೆದರಲ್ಲ, ಆರು ಜನರಲ್ಲಿ ಒಬ್ಬನಿಗೂ ಇದು ಹೊಳೆದಿರಲಿಲ್ಲ. ನಮ್ಮ ಕಡೆಯವರಿಗೆ ಗಾಡಿ ಬಿಸಿಲಿಗೆ ಕಾದು ನಿಲ್ಲುತ್ತದೆ ಎಂಬ ಹೆದರಿಕೆ ಒಂದೇ ಗೊತ್ತು. ಅಲ್ಲಿ ಆಗಬೇಕಾದದ್ದು ಇಲ್ಲಿ, ಸುಡುವ ಬಿಸಿಲಿನಲ್ಲಿ, ನನ್ನ ಕಣ್ಣೆದುರು ಆಗಿತ್ತು.

ನಾನು ಬಾಗಿಲಲ್ಲೇ ನಿಂತಿದ್ದೆ. ಮಲ್ಲು ನನ್ನನ್ನು ನೋಡಿದ. ಈಗಲಾದರೂ ಅವ್ವ, ತಪ್ಪಾಯಿತು ಅನ್ನುತ್ತಾನೆ ಎಂದು ಕಾದೆ. ಖಾಜಾಸಾಬರು ಹೋದ ಮೇಲೆ ಅವನು ಬಂದು ಹೇಳಿದ್ದು ಇಷ್ಟು: "ಅವ್ವ, ಇದನ್ನ ಯಾರ ಮುಂದೂ ಆಡಬ್ಯಾಡ. ಏನೋ ಗಾಳಿ ಅದ ಅಂತ ಸುದ್ದಿ ಆದ್ರ ಗ್ಯಾರೇಜಿಗಿ ಒಂದು ಗಾಡಿ ಬರೂದಿಲ್ಲ."

ಗಾಳಿ ಹೊಕ್ಕ ಗ್ಯಾರೇಜು ಅನ್ನಿಸಿಕೊಳ್ಳುವುದಕ್ಕಿಂತ ಸುತ್ತಿಗೆ ಹಿಡಿದ ತಾಯಿ ಅವನಿಗೆ ಅಗ್ಗವಾದಳು. ನಾನು ಹೂಂ ಎಂದೆ. ಆ ಹೂಂ ಅಂದದ್ದಕ್ಕೆ ನನ್ನ ಮೇಲೇ ನನಗೆ ಇಂದಿಗೂ ಸಿಟ್ಟಿದೆ.

ಸುನಂದಾ ಮಾತ್ರ, ಅದು ಮಾವನವರೇ ಮಾಡಿದ್ದು, ಮಗನನ್ನು ತಡೆದರು ಎಂದು ಕೈ ಮುಗಿದಳು. ನನಗೆ ಅದೂ ಹಿಡಿಸಲಿಲ್ಲ. ಆ ಮನುಷ್ಯ ಜೀವನದಲ್ಲಿ ಹಿಮ ನೋಡಿದವರಲ್ಲ. ಬಂದಿದ್ದರೆ ಮಗನಿಗೆ ಹೇಳಬಹುದಿತ್ತಲ್ಲ, ನನ್ನನ್ನೇಕೆ ಎಲ್ಲರೆದುರು ಸುಳ್ಳಿಯನ್ನಾಗಿ ಮಾಡಿದರು? ಅವರಲ್ಲದಿದ್ದರೆ ಬೆಳಿಗ್ಗೆ ನನ್ನ ಬಾಯಿಂದ ಬಂದ ಮಾತೇ ಅದನ್ನು ಮಾಡಿತೇ? ಅಷ್ಟು ಶಕ್ತಿ ನನ್ನ ಮಾತಿಗಿದ್ದರೆ ಅದನ್ನು ಒಂದು ಜೀಪಿನ ಮೇಲೆ ಕಳೆಯುತ್ತಿರಲಿಲ್ಲ. ಎಂಟು ವರ್ಷ ಯೋಚಿಸಿದ್ದೇನೆ. ಒಂದಕ್ಕೂ ಉತ್ತರ ಸಿಕ್ಕಿಲ್ಲ.

ಹೋದ ವಾರ ದೇವು ಬಂದಿದ್ದ. ನಾನು ಚಹಾ ತಂದೊಡನೆ, "ಅಮ್ಮಾರು ಬಂದ್ರು, ಸುತ್ತಿಗಿ ಎತ್ತಿಡ್ರಿ" ಎಂದ. ನೀವು ನಕ್ಕಿರಿ, ನಿಮಗೇನು ಗೊತ್ತು. ಎಲ್ಲ ಗೊತ್ತಿದ್ದ ನಿಮ್ಮ ಅಪ್ಪನೂ ನಕ್ಕ. ಆ ರಾತ್ರಿಯೇ ನಿಮ್ಮ ಹಳೆಯ ನೋಟಬುಕ್ಕಿನ ಖಾಲಿ ಹಾಳೆಗಳನ್ನು ಹರಿದುಕೊಂಡೆ.

ದೆವ್ವವನ್ನು ನಂಬಿ ಎಂದು ನಾನು ಹೇಳುವುದಿಲ್ಲ, ನಾನೇ ನಂಬುವುದಿಲ್ಲ. ಆ ಬಿಸಿಲಿನಲ್ಲಿ ಬಾವಿಯ ನೀರು ಹೇಗೆ ಹೆಪ್ಪುಗಟ್ಟಿತು ಎಂಬುದು ನನಗೆ ಗೊತ್ತಿಲ್ಲ, ಗೊತ್ತಾಗುತ್ತದೆಂದು ಈಗ ತೋರುವುದೂ ಇಲ್ಲ. ಆದರೆ ಅದನ್ನು ಒಡೆದವಳು ನಾನಲ್ಲ. ಇಷ್ಟನ್ನು ನಿಮ್ಮ ಅಪ್ಪನ ಎದುರು, ದೇವುವಿನ ಎದುರು, ಗಟ್ಟಿಯಾಗಿ ಓದಿ ಹೇಳಿ. ನನ್ನಿಂದ ಆಗುವುದಿಲ್ಲ.