ಮೂರು ಸಲ ಫೋನ್ ಮಾಡಿದವನ ಊಟ

ಬೇಯಿಸಿದ ಕ್ಯಾರೆಟ್ಟನ್ನು ನಾನು ಆಸ್ಪತ್ರೆಯಲ್ಲಿ ತಿಂದಿದ್ದೇನೆ, ಹೊಟ್ಟೆ ಕೆಟ್ಟಾಗ ಮನೆಯಲ್ಲೂ ತಿಂದಿದ್ದೇನೆ. ಮೇಜಿಗೆ ಬಿಳಿ ಬಟ್ಟೆ ಹಾಸಿ, ಮೇಣದಬತ್ತಿ ಹಚ್ಚಿ, ಮಿರಮಿರ ಮಿಂಚುವ ಮುಚ್ಚಳ ಎತ್ತಿ ತೋರಿಸಿದ ಬೇಯಿಸಿದ ಕ್ಯಾರೆಟ್ಟನ್ನು ತಿಂದದ್ದು ಒಂದೇ ಸಲ. ಚೆನ್ನೈನ ಆ ಫ್ರೆಂಚ್ ಹೋಟೆಲ್ಲಿನ ಹೆಸರು ಬರೆಯುವುದಿಲ್ಲ. ಬರೆದರೆ ಕೇಸು ಹಾಕಿಯಾರು ಎಂಬ ಭಯ. ನನಗೆ ಇಂಥ ಭಯಗಳು ಬಹಳ.

ಅಲ್ಲಿಗೆ ಹೋಗಬೇಕೆಂದದ್ದು ನನ್ನ ಹೆಂಡತಿ. ಇನ್ಶೂರೆನ್ಸ್ ಕಚೇರಿಯ ಕೆಲಸ ಬಿಟ್ಟ ಮೇಲೆ, ಐವತ್ತು ದಾಟಿದ ವಯಸ್ಸಿನಲ್ಲಿ, ಅವಳು ಫ್ರೆಂಚ್ ಕಲಿಯಲು ಹೊರಟಳು. ಯಾಕೆ ಎಂದು ಕೇಳಿದೆ. ಇಷ್ಟು ವರ್ಷ ಪಾಲಿಸಿದಾರರ ತಕರಾರನ್ನು ಮೂರು ಭಾಷೆಯಲ್ಲಿ ಕೇಳಿದ್ದಾಯಿತು, ನಾಲ್ಕನೆಯದರಲ್ಲಿ ಮಾತಾಡುವುದು ನಾನು ಎಂದಳು. ವಾರಕ್ಕೆ ಎರಡು ದಿನ ಕೀಲ್ಪಾಕಿನ ನಮ್ಮ ಮನೆಯಿಂದ ಬಸ್ಸು ಹಿಡಿದು ಮೈಲಾಪೂರಿಗೆ ಹೋಗುವಳು. ಅಲ್ಲಿ ಪಾಂಡಿಚೇರಿ ಕಡೆಯ ನಿವೃತ್ತ ಮೇಡಂ ಒಬ್ಬರು ತಮ್ಮ ಹಳೆಯ ಫ್ಲಾಟಿನಲ್ಲಿ ಐದಾರು ಮಂದಿಗೆ ಪಾಠ ಹೇಳುತ್ತಿದ್ದರು. ಒಂದು ವರ್ಷ ನಮ್ಮ ಅಡುಗೆಮನೆಯಲ್ಲಿ ಒಗ್ಗರಣೆಯ ಜೊತೆಗೆ ಕ್ರಿಯಾಪದಗಳೂ ಸಿಡಿದವು. ಕೊನೆಗೆ ಮೇಡಂ ಬರೆಯುವ ಪರೀಕ್ಷೆ ಇಡಲಿಲ್ಲ. ಈ ಹೋಟೆಲ್ಲಿನಲ್ಲಿ ಆರ್ಡರ್ ತೆಗೆದುಕೊಳ್ಳುವ ಹಿರಿಯರೊಬ್ಬರಿಗೆ ಫ್ರೆಂಚ್ ಚೆನ್ನಾಗಿ ಬರುತ್ತದೆ, ಮನೆಯವರನ್ನು ಕರೆದುಕೊಂಡು ಹೋಗಿ ಮೆನು ಓದಿ, ಇಂಗ್ಲಿಷ್ ಬಳಸದೆ ಊಟ ತರಿಸಿಕೊಳ್ಳಿ, ಅದೇ ನಿಮ್ಮ ಪರೀಕ್ಷೆ ಎಂದರಂತೆ.

ಇದನ್ನೆಲ್ಲ ಅವಳು ನನಗೆ ಹೇಳಿದ್ದಳು. ಗೊತ್ತಿರಲಿಲ್ಲ ಎಂದು ನಾನು ತಪ್ಪಿಸಿಕೊಳ್ಳುವಂತಿಲ್ಲ. ಆದರೆ ಫ್ರೆಂಚ್ ಎಂಬ ಶಬ್ದ ಕಿವಿಗೆ ಬಿದ್ದ ಕೂಡಲೇ ನನ್ನ ತಲೆಯೊಳಗೆ ಮೊಟ್ಟೆ ಒಡೆಯಲು ಶುರುವಾಯಿತು. ನಮ್ಮದು ಮೊಟ್ಟೆಯೂ ಹೊಸಿಲು ದಾಟದ ಮನೆ. ಹೊರಗೆ ಊಟಕ್ಕೆ ಹೋಗುವ ಮುಂಚೆ ವಿಚಾರಿಸಿಕೊಳ್ಳುವುದು ನಮ್ಮ ತಂದೆಯಿಂದ ಬಂದ ಪದ್ಧತಿ. ಅವರು ಮದುವೆಮನೆಗೂ ಒಂದು ದಿನ ಮುಂಚೆ ಹೋಗಿ ಅಡುಗೆಯವರು ಯಾರು ಎಂದು ನೋಡಿಕೊಂಡು ಬರುತ್ತಿದ್ದರು. ನಾನು ಫೋನ್ ಮಾಡುತ್ತೇನೆ, ಅಷ್ಟೇ ವ್ಯತ್ಯಾಸ.

ಮೊದಲ ಸಲ ಕೇಳಿದ್ದು ಮೊಟ್ಟೆಯ ಬಗ್ಗೆ, ಜೊತೆಗೆ ಸೂಪಿಗೆ ಮಾಂಸ ಬೇಯಿಸಿದ ನೀರು ಹಾಕುತ್ತೀರಾ ಎಂದು. ಎರಡನೆಯ ಸಲ ಬಾಣಲೆಯ ಬಗ್ಗೆ, ಮಾಂಸ ಕರಿದದ್ದರಲ್ಲೇ ನಮ್ಮದನ್ನೂ ಕರಿಯುತ್ತೀರಾ ಎಂದು. ಆಮೇಲೆ, ಕೆಲವು ಚೀಸು ಮಾಡುವಾಗ ಕರುವಿನ ಹೊಟ್ಟೆಯಿಂದ ತೆಗೆದದ್ದೇನೋ ಹಾಕುತ್ತಾರೆ ಎಂದು ಎಲ್ಲೋ ಓದಿ ಮೂರನೆಯ ಸಲ. ಆ ಕಡೆಯ ದನಿ ತಣ್ಣಗೆ, ಚಿಂತೆ ಬಿಡಿ ಸರ್, ನಿಮ್ಮದನ್ನು ನಾವು ನೋಡಿಕೊಳ್ಳುತ್ತೇವೆ ಎಂದಿತು. ಹಾಗೆ ಹೇಳಿದವರನ್ನು ನಾನು ಹುಟ್ಟಿದಾಗಿನಿಂದ ನಂಬಿದವನಲ್ಲ. ಅವತ್ತು ನಂಬಿದೆ.

ಶನಿವಾರ ಸಂಜೆ ಏಳಕ್ಕೆ ನಾವು ಮೂವರು ಹೋದೆವು: ನಾನು, ಅವಳು, ಕಾಲೇಜು ಓದುವ ಮಗಳು. ಬಿಳಿ ಮೀಸೆಯ ಆ ಹಿರಿಯರು ಪಕ್ಕದ ಮೇಜಿನವರಿಗೆ ಬಾಗಿ ವಂದಿಸಿ, ದೊಡ್ಡ ಮೆನು ಕೊಟ್ಟು, ಫ್ರೆಂಚಿನಲ್ಲಿ ಏನೋ ಹೇಳಿ ನಕ್ಕರು. ನನ್ನ ಹೆಂಡತಿ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕುಳಿತಳು. ತುಟಿ ಸಣ್ಣಗೆ ಅಲುಗುತ್ತಿತ್ತು. ಅವರು ನಮ್ಮ ಮೇಜನ್ನು ದಾಟಿ ಆಚೆಯ ಮೇಜಿಗೆ ಹೋದರು.

ಮರಳಿ ಬಂದಾರು ಎಂದುಕೊಂಡೆವು. ಅವರ ಬದಲು ಇನ್ನೊಬ್ಬ ಬಂದು ಮೂರು ಬಟ್ಟಲು ಸೂಪು ಇಟ್ಟ. ನಾವು ಏನನ್ನೂ ಕೇಳಿರಲಿಲ್ಲ. ಟೊಮ್ಯಾಟೊ ತೊಳೆದ ನೀರನ್ನು ಬಿಸಿ ಮಾಡಿದಂತಿತ್ತು. ಎಲ್ಲ ಮೇಜಿಗೂ ಬ್ರೆಡ್ಡಿನ ಬುಟ್ಟಿ ಬಂತು, ನಮಗೆ ಬರಲಿಲ್ಲ. ಮೆನು ಎಲ್ಲಿ ಎಂದು ಕೇಳಿದರೆ ಅವನು, ನಿಮ್ಮದು ಮೊದಲೇ ಆಗಿದೆ ಸರ್ ಎಂದು ಟ್ರೇಯ ಮೇಲಿದ್ದ ಚೀಟಿ ತೋರಿಸಿದ. ಮಗಳು ಅದನ್ನು ಎಳೆದುಕೊಂಡು ಓದಿದಳು. ಪ್ಯೂರ್ ವೆಜ್, ಮೊಟ್ಟೆ ಇಲ್ಲ, ಚೀಸ್ ಇಲ್ಲ, ಈರುಳ್ಳಿ ಬೆಳ್ಳುಳ್ಳಿ ಇಲ್ಲ. ಕೆಳಗೆ ಗೆರೆ ಎಳೆದು, ಮೂರು ಸಲ ಫೋನ್ ಮಾಡಿದ ಗಿರಾಕಿ.

ನಮ್ಮ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ತಮಿಳು. "ಅಪ್ಪಾ, ಮೂಣು ತಡವ ಫೋನ್ ಪಣ್ಣೀಂಗಳಾ?" ಎಂದಳು.

ಅವಳ ತಾಯಿ ಚೀಟಿಯನ್ನು ತನ್ನ ಕಡೆಗೆ ತಿರುಗಿಸಿಕೊಂಡು ಓದಿದಳು.

ನನಗೆ ಸಿಟ್ಟು ನೆತ್ತಿಗೇರಿತು. ಮ್ಯಾನೇಜರನನ್ನು ಕರೆಸಿದೆ. ಈರುಳ್ಳಿ ಬೇಡ ಎಂದು ನಾನು ಯಾವಾಗ ಹೇಳಿದೆ, ನಾವು ಈರುಳ್ಳಿಯನ್ನು ನೀರಿನಂತೆ ಬಳಸುವ ಜನ ಎಂದೆ. ಇಷ್ಟೆಲ್ಲ ಕೇಳುವವರು ಅದನ್ನೂ ತಿನ್ನಲಾರರು ಅಂದುಕೊಂಡೆವು ಎಂದ. ಮೆನು ಕೊಡಿ ಎಂದೆ. ಕೊಡಬಹುದು, ಆದರೆ ಅದರಲ್ಲಿರುವ ಯಾವುದಕ್ಕೂ ನಿಮಗೆ ಗ್ಯಾರಂಟಿ ಕೊಡಲಾರೆವು, ನಮ್ಮ ಅಡುಗೆಯವರು ನಿಮ್ಮ ಮೂರನೆಯ ಫೋನಿನ ಬಳಿಕ ಹಾಗೆಂದು ಖಡಾಖಂಡಿತ ಹೇಳಿದ್ದಾರೆ ಎಂದ. ಎಷ್ಟು ವಿನಯ ಆ ಮನುಷ್ಯನಿಗೆ. ಬೈದರೂ ಇಷ್ಟು ಉರಿಯುತ್ತಿರಲಿಲ್ಲ. ನಾನು ಇಂಗ್ಲಿಷಿನಲ್ಲಿ ಶುರುಮಾಡಿ, ಮಧ್ಯದಲ್ಲಿ ತಮಿಳಿಗೆ ಜಾರಿ, ಕೊನೆಗೆ ಅವನಿಗೆ ಗೊತ್ತಿಲ್ಲದ ಕನ್ನಡದಲ್ಲಿ ಮುಗಿಸಿದೆ. ಪಕ್ಕದ ಮೇಜಿನವರು ಫೋರ್ಕು ಕೆಳಗಿಟ್ಟರು.

"ಕೂತ್ಕೊಳ್ಳಿ ರೀ," ಎಂದಳು ಹೆಂಡತಿ. ಕೂತೆ.

ಆಮೇಲೆ ಬಂದದ್ದೇ ಆ ಮುಚ್ಚಳ, ಅದರಡಿ ಕ್ಯಾರೆಟ್ಟು, ಉಪ್ಪಿಲ್ಲದ ಹುರುಳಿಕಾಯಿ, ಅರ್ಧ ಆಲೂಗೆಡ್ಡೆ. ಅದೂ ಮುಗಿದ ಮೇಲೆ, ಬೇರೆಯವರು ಚಮಚದಿಂದ ಸಿಹಿತಿಂಡಿಯ ಮೇಲಿನ ಸಕ್ಕರೆಯ ಗರಿಗರಿ ಪದರ ಒಡೆಯುತ್ತಿರುವಾಗ, ನಮಗೆ ಹೆಚ್ಚಿದ ಪರಂಗಿಹಣ್ಣು. ಅದನ್ನು ತಂದವರು ಆ ಬಿಳಿ ಮೀಸೆಯ ಹಿರಿಯರೇ. ಈಗಲಾದರೂ ಎಂದು ನಾನು ಹೆಂಡತಿಯ ಮುಖ ನೋಡಿದೆ. ಅವಳು ತಲೆಯೆತ್ತಿದಳು. ಅವರು ಅವಳ ಕಡೆ ತಿರುಗಲೇ ಇಲ್ಲ. ನನಗೆ ಬಾಗಿ, ಎಲ್ಲ ತಾವು ಹೇಳಿದ ಹಾಗೆಯೇ ಇತ್ತೇ ಸರ್ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅವಳು ನ್ಯಾಪ್ಕಿನ್ನನ್ನು ನಾಲ್ಕು ಮಡಿಕೆ ಮಾಡಿ ತಟ್ಟೆಯ ಪಕ್ಕಕ್ಕಿಟ್ಟಳು.

ಆಟೋದಲ್ಲಿ ಕುಳಿತ ಮೇಲೂ ನಾನು ಬೈಯುತ್ತಲೇ ಇದ್ದೆ. ಅಹಂಕಾರಿಗಳು, ತಲೆಯಿಲ್ಲದವರು, ಗಿರಾಕಿಯನ್ನು ರೋಗಿಯಂತೆ ನೋಡುವವರು. ದಾರಿ ಅರ್ಧ ಸರಿದ ಮೇಲೆ ಅವಳು ಹೊರಗೆ ನೋಡುತ್ತಲೇ ಹೇಳಿದಳು: "ಇದಕ್ಕೆ ಮೊಟ್ಟೆ ಹಾಕಿದೀರಾ, ಮಾಂಸದ ನೀರು ಹಾಕಿದೀರಾ ಅಂತ ಫ್ರೆಂಚಲ್ಲಿ ಹೇಗೆ ಕೇಳೋದು ಅಂತ ಮೇಡಂ ಹತ್ರ ಬರೆಸ್ಕೊಂಡಿದ್ದೆ ರೀ. ಹದಿನೈದು ದಿನ ಬಾಯಿಪಾಠ ಮಾಡಿದ್ದೆ. ಅದನ್ನೂ ನೀವೇ ಕೇಳಿಬಿಟ್ರಿ."

ಮಗಳು ಫೋನಿನಲ್ಲಿ ಮುಖ ಹುದುಗಿಸಿದಳು.

ಮಾರನೆಯ ದಿನ ಬೆಳಿಗ್ಗೆ ನಾನು ಹೋಟೆಲ್ಲಿಗೆ ದೂರು ಬರೆಯಲು ಕುಳಿತೆ. ಪ್ರಾಯಶ್ಚಿತ್ತ ಎಂದೇ ಇಟ್ಟುಕೊಳ್ಳಿ. ಇಂಗ್ಲಿಷಿನಲ್ಲಿ ಎರಡು ಪುಟ. ಪತ್ನಿಯ ಮಾನಸಿಕ ಯಾತನೆ ಎಂಬಲ್ಲಿಗೆ ಬಂದಾಗ ಅವಳು ಕಾಫಿ ಲೋಟ ಹಿಡಿದು ನನ್ನ ಬೆನ್ನ ಹಿಂದೆ ನಿಂತು ಓದುತ್ತಿದ್ದುದು ತಿಳಿಯಿತು.

"ಇದನ್ನ ಕಳಿಸ್ಬೇಡಿ," ಎಂದಳು. "ಸಿಟ್ಟು ಬಂದಿರೋದು ನನಗೆ. ನಾನೇ ಬರೀತೀನಿ."

ಎರಡು ದಿನ ನಿಘಂಟು ತೆರೆದುಕೊಂಡು ಬರೆದಳು. ಹೊಡೆದು ಹಾಕಿದಳು, ಮತ್ತೆ ಬರೆದಳು. ನಾನು ಆ ಕಡೆ ಸುಳಿಯಲಿಲ್ಲ. ಮೂರನೆಯ ದಿನ ನನ್ನನ್ನೂ ಮಗಳನ್ನೂ ನಡುಮನೆಯಲ್ಲಿ ಕೂರಿಸಿ, ನಿಂತುಕೊಂಡು, ಇಡೀ ಕಾಗದವನ್ನು ಫ್ರೆಂಚಿನಲ್ಲಿ ಓದಿದಳು. ಎಲ್ಲೂ ತಡವರಿಸಲಿಲ್ಲ. ಅಂಥ ದನಿಯನ್ನು ನಾನು ಮದುವೆಯಾದಾಗಿನಿಂದ ಕೇಳಿರಲಿಲ್ಲ. ಕಚೇರಿಯಲ್ಲಿ ಪಾಲಿಸಿದಾರರು ಅವಳ ಮೇಲೆ ಎಸೆದ ಸಿಟ್ಟೆಲ್ಲ ಬಡ್ಡಿ ಸೇರಿ ವಾಪಸು ಹೋಗುತ್ತಿದ್ದಂತಿತ್ತು. ನನಗೆ ಒಂದು ಅಕ್ಷರವೂ ತಿಳಿಯಲಿಲ್ಲ. ಆದರೆ ಮಧ್ಯದಲ್ಲೊಂದು ಕಡೆ ಅವಳು ಕಾಗದದಿಂದ ಕಣ್ಣು ತೆಗೆದು, ನನ್ನನ್ನೇ ನೋಡುತ್ತ, ಒಂದು ಉದ್ದನೆಯ ವಾಕ್ಯವನ್ನು ನಿಧಾನವಾಗಿ ಹೇಳಿದಳು. ಅದು ಹೋಟೆಲ್ಲಿನವರಿಗೆ ಬರೆದದ್ದಲ್ಲ ಎಂದು ತಿಳಿಯಲು ಫ್ರೆಂಚ್ ಬೇಕಾಗಿರಲಿಲ್ಲ.

ಏನದು ಎಂದು ಕೇಳಬೇಕೆನ್ನಿಸಿತು. ಬಾಯಿ ಮುಚ್ಚಿಕೊಂಡು ಕುಳಿತೆ.