ಕಣ್ಣಿರುವಾಗಲೇ ಬ್ರೂಜ್

ವಿಮಾನ ಬೀಳಬಹುದಿತ್ತು. ಪಾಸ್‌ಪೋರ್ಟ್ ಕಳೆದು, ಬೆಲ್ಜಿಯಂನ ಯಾವುದೋ ಠಾಣೆಯಲ್ಲಿ ಚಳ್ಳಕೆರೆ ಎಲ್ಲಿದೆ ಎಂದು ನಾನು ಗಾಳಿಯಲ್ಲಿ ನಕ್ಷೆ ಬರೆದು ತೋರಿಸಬೇಕಾಗಬಹುದಿತ್ತು. ಚೀಲದಲ್ಲಿದ್ದ ಶೇಂಗಾ ಚಟ್ನಿಪುಡಿಯನ್ನು ಮಾದಕ ವಸ್ತುವೆಂದು ಹಿಡಿಯಬಹುದಿತ್ತು. ಬ್ರೂಜ್ ನಗರದ ಕಾಲುವೆಯಲ್ಲಿ ದೋಣಿ ಮಗುಚಬಹುದಿತ್ತು, ಈಜಿ ದಡ ಸೇರಿದರೆ ಅಲ್ಲಿ ಹಂಸಗಳು ಕಚ್ಚಬಹುದಿತ್ತು. ಗಂಟೆಗೋಪುರದ ಸುರುಳಿ ಮೆಟ್ಟಿಲಲ್ಲಿ ನನ್ನ ಮಂಡಿ ಕೈಕೊಟ್ಟು, ಹಿಂದಿದ್ದ ಇಡೀ ಯುರೋಪು ನಿಂತುಬಿಡಬಹುದಿತ್ತು.

ಇಷ್ಟನ್ನೂ ಹೊರಡುವ ಮುಂಚೆಯೇ ಅಂಗಡಿಯಲ್ಲಿ ಕೂತು ಕಂಡಿದ್ದೆ. ಚಳ್ಳಕೆರೆಯಲ್ಲಿ ನನ್ನದು ರೇಷ್ಮೆ ಸೀರೆ ಅಂಗಡಿ. ಗಿರಾಕಿ ಇಲ್ಲದಾಗ ಚಿಂತೆಯೇ ವ್ಯಾಪಾರ.

ಹೆಂಡತಿ ಮೊಳಕಾಲ್ಮೂರಿನ ನೇಕಾರರ ಮನೆಯವಳು, ಮದುವೆಯಾದ ಮೇಲೂ ಮಗ್ಗ ಬಿಟ್ಟವಳಲ್ಲ. ಕಳೆದ ವರ್ಷ, ಹೊತ್ತಿಳಿದರೆ ಅಂಚಿನ ಎಳೆ ಕಾಣುತ್ತಿಲ್ಲ ಎಂದಳು. ಕಣ್ಣಿನ ಪರದೆ ಸವೆಯುತ್ತಿದೆ, ಮದ್ದಿಲ್ಲ, ಮೊದಲು ಮಬ್ಬು ಬೆಳಕಿನಲ್ಲಿ, ಆಮೇಲೆ ಹಗಲಲ್ಲೂ ಕಾಣದಾಗುತ್ತದೆ ಎಂದರು ವೈದ್ಯರು. "ನೋಡಬೇಕಾದ್ದು ಏನಾದರೂ ಇದ್ದರೆ ಈಗಲೇ ತೋರಿಸಿ."

ನಾನು ಕಾಶಿ ಎಂದೆ.

"ಕಾಶಿಗೆ ಕಣ್ಣಿಲ್ದೋರೂ ಹೋಗ್ತಾರ್ರಿ," ಎಂದಳು. "ಟೀವಿಯಾಗೆ ತೋರ್ಸಿದ್ರಲ್ಲ, ಆ ಬ್ರೂಜ್‌ನಾಗೆ ಗೋಡೆ ಅಗಲದ ಚಿತ್ರ ಐತಂತೆ. ಬರೆದಿದ್ದಲ್ಲ, ನೇಯ್ದಿದ್ದು. ಅದನ್ನ ನೋಡ್ಬೇಕು."

ಅವಳ ತಮ್ಮ, ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕೂತಲ್ಲಿಂದಲೇ ನಕ್ಕ. "ಭಾವಾ, ಜಟಿಂಗ ರಾಮೇಶ್ವರ ಬೆಟ್ಟ ಹತ್ತೋಕೇ ಮೂರು ಕಡೆ ಕೂತ್ಕಂತೀಯ. ನೀನು ಪರದೇಶ ತೋರಿಸ್ತೀಯಾ?"

"ಲೇ, ಬಾಯ್ಮುಚ್ಕೊಂಡು ಲಾಳಿ ಎಸಿ," ಎಂದೆ. ಅವನು ಹೇಳಿದ್ದು ನಿಜವೇ ಆಗಿತ್ತು.

ಪ್ರವಾಸದ ಗುಂಪಿನ ಜೊತೆ ಹೋದೆವು. ಹಗಲಿನಲ್ಲಿ ಅವಳಿಗೆ ಎಲ್ಲವೂ ಕಂಡಿತು: ಕಾಲುವೆಯಲ್ಲಿ ತಲೆಕೆಳಗಾದ ಇಟ್ಟಿಗೆ ಮನೆಗಳು, ಕುದುರೆಗಾಡಿ, ದಾರ ಸುತ್ತಿದ ಪುಟ್ಟ ಕೋಲುಗಳನ್ನು ಅಡ್ಡಾಡಿಸುತ್ತ ಲೇಸು ಹೆಣೆಯುವ ಮುದುಕಿ. ಆ ಮುದುಕಿಯ ಮುಂದಿನಿಂದ ಅವಳನ್ನು ಎಬ್ಬಿಸುವುದೇ ಕಷ್ಟವಾಯಿತು. ಹೊತ್ತಿಳಿದರೆ ನನ್ನ ತೋಳು ಹಿಡಿಯುತ್ತಿದ್ದಳು. ಗುಂಪಿನವರು ನಮ್ಮನ್ನು ಹೊಸ ಜೋಡಿ ಎಂದು ಛೇಡಿಸಿದರು. ನಾನೂ ನಕ್ಕೆ, ಅಳುವುದಕ್ಕೆ ಅಲ್ಲಿ ಜಾಗವಿರಲಿಲ್ಲ.

ನೇಯ್ದ ಚಿತ್ರವಿದ್ದ ವಸ್ತುಸಂಗ್ರಹಾಲಯ ಕೊನೆಯ ದಿನಕ್ಕಿತ್ತು. ನಡುಹಗಲಲ್ಲೇ ಒಳಗೆ ಹೋದೆವು. ನೂರಾರು ವರ್ಷದ ಬಣ್ಣ ಮಾಸಬಾರದೆಂದು ಆ ಕೋಣೆಗೆ ಕಿಟಕಿ ಮುಚ್ಚಿ, ಸಣ್ಣ ದೀಪ ಇಟ್ಟಿದ್ದಾರೆ ಎಂದು ಗೈಡ್ ಹೆಮ್ಮೆಯಿಂದ ಹೇಳುತ್ತಿದ್ದಳು, ಹೆಂಡತಿಗೆ ಬಾರದ ಇಂಗ್ಲಿಷಿನಲ್ಲಿ. ನನಗೆ ಚಿತ್ರ ಕಂಡಿತು: ಬೇಟೆನಾಯಿ, ಹೂವು, ಮೊಗ ತಿರುಗಿಸಿ ನಿಂತ ಹೆಂಗಸು. ಎಲ್ಲರೂ "ಆಹಾ" ಎಂದರು.

ನಮ್ಮಲ್ಲಿ ಸೀರೆಯ ಮುಖ ನೋಡಿ ಯಾರೂ ಒಪ್ಪುವುದಿಲ್ಲ. ಸೆರಗು ಮಗುಚಿ ಬೆನ್ನು ನೋಡುತ್ತೇವೆ. ಎಲ್ಲಿ ಎಳೆ ಕಟ್ಟಿದ್ದಾರೆ, ಎಲ್ಲಿ ಕೆಲಸ ಕದ್ದಿದ್ದಾರೆ ಎಂದು ಹೇಳುವುದು ಬೆನ್ನೇ. ಹೆಂಡತಿ ಎಲ್ಲರಿಗಿಂತ ಮುಂದೆ ಹೋಗಿ, ಅಡ್ಡ ಕಟ್ಟಿದ್ದ ಹಗ್ಗವನ್ನು ಗಮನಿಸದೆ ಹೊಟ್ಟೆಯಿಂದಲೇ ತಳ್ಳಿ, ಆ ಚಿತ್ರದ ಮೂಲೆ ಮಗುಚಿದಳು. ಬೆರಳಿನಿಂದ ಬೆನ್ನು ತಡವತೊಡಗಿದಳು.

ಕಾವಲುಗಾರ ಓಡಿ ಬಂದ. ನಾನು ಗೊತ್ತಿದ್ದ ಎಲ್ಲ "ಸಾರಿ"ಗಳನ್ನೂ ಅವನ ಮೇಲೆ ಸುರಿದೆ. ಅವನು ಬೈಯಲೂ ಇಲ್ಲ, ಅವಳನ್ನು ಮೆಲ್ಲಗೆ ಹಿಂದಕ್ಕೆ ಕರೆತಂದು ಬೆಂಚಿನ ಮೇಲೆ ಕೂರಿಸಿ ಹೋದ.

"ಬೆನ್ನು ಚೊಕ್ಕ ಐತ್ರಿ," ಎಂದಳು. "ಎದ್ರುಗಡೆ ಏನೈತೆ?"

"ಫೋಟೋ ತೆಗೀತೀನಿ, ಹೊರಗೆ ನೋಡುವಂತೆ."

"ಫೋನಾಗೆ ನೋಡೋಕೆ ಚಳ್ಳಕೆರೆ ಸಾಕಿತ್ತಲ್ರಿ." ಸೆರಗಿನಿಂದ ಕಣ್ಣುಜ್ಜಿಕೊಂಡು ಕೇಳಿದಳು, "ಕರೆಂಟ್ ಹೋಗೈತಾ?"

ಸುತ್ತಲೂ ಜನ ತಲೆ ಎತ್ತಿ ಚಿತ್ರ ನೋಡುತ್ತಿದ್ದರು.

"ಹೂಂ," ಎಂದೆ. "ಈಗ ಬರ್ತೈತೆ."

"ಹಂಗಾದ್ರೆ ಕೂತಿರಾಣ."

ಅವಳ ಪಕ್ಕದಲ್ಲಿ ಕೂತೆ. ಅಷ್ಟು ದೂರ ಹೋದ ಮೇಲೆ ಕೆಟ್ಟಿದ್ದು ಇಷ್ಟೇ: ಆ ಕೋಣೆಯಲ್ಲಿ ಬೆಳಕು ಸ್ವಲ್ಪ ಕಡಿಮೆಯಿತ್ತು.